ಎರಡು ಸೆಂಟ್ಸಿನ ದೈತ್ಯ, ಇಪ್ಪತ್ತೆಂಟು ಸೆಂಟ್ಸಿನ ಸಂಪಾದನೆ

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲದ ಹತ್ತಿರದವನು. ಹದಿನಾಲ್ಕು ವರ್ಷ ದುಬೈಯಲ್ಲಿ ದುಡಿದು ಹೋದ ವರ್ಷ ಊರಿಗೆ ಮರಳಿದೆ. ಪಾಲಿನಲ್ಲಿ ನನಗೆ ಬಂದದ್ದು 30 ಸೆಂಟ್ಸ್ ಗದ್ದೆ, ನೀರಿಗಾಗಿ ಮೇಲಿನ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ, ಅದರ ನೀರು ತುಂಬುವ ಒಂದು ಸಣ್ಣ ಕೆರೆ. ವಿದೇಶದಲ್ಲಿ ಸಾವಿರ ಕಿಲೋ ತೂಗುವ ಚೀನಿಕಾಯಿ (ಸಿಹಿಗುಂಬಳ) ಬೆಳೆದು ಲಕ್ಷಗಟ್ಟಲೆ ಬಹುಮಾನ ಗೆಲ್ಲುವ ವಿಡಿಯೋಗಳನ್ನು ನೋಡಿದ ಮೇಲೆ ನಿದ್ದೆ ಬರುತ್ತಿಲ್ಲ. ಸಾವಿರ ಬೇಡ, ಬುಡಕ್ಕೆ 500 ಕಿಲೋದ ಒಂದು ಕಾಯಿ ಅಂತ ಹಿಡಿದರೂ 15 ಬುಡಕ್ಕೆ 7,500 ಕಿಲೋ. ಕಿಲೋಗೆ 20 ರೂಪಾಯಿಯಂತೆ ಒಂದೂವರೆ ಲಕ್ಷ ಆಯಿತಲ್ಲ? ಹವ್ಯಾಸವೂ ಆಯಿತು, ಸಂಪಾದನೆಯೂ ಆಯಿತು ಎಂದು ನನ್ನ ಲೆಕ್ಕ. ಆನ್‌ಲೈನಿನಲ್ಲಿ ಬೀಜ ಸಿಗುತ್ತಿದೆ. ಹೊರದೇಶದ ಗೆಳೆಯನೊಬ್ಬ ಲಕೋಟೆಯಲ್ಲಿ ಕಳಿಸುತ್ತೇನೆ ಎಂದೂ ಹೇಳಿದ್ದಾನೆ. ಮುಂದುವರಿಯಬಹುದೇ?

ಉತ್ತರ: ಮುಂದುವರಿಯಿರಿ. ಆದರೆ 30 ಸೆಂಟ್ಸಿನಲ್ಲಿ ಬೇಡ, 2 ಸೆಂಟ್ಸಿನಲ್ಲಿ, ಒಂದೇ ಒಂದು ಬುಡ. ಉಳಿದ 28 ಸೆಂಟ್ಸಿಗೆ ನಮ್ಮೂರ ಚೀನಿಕಾಯಿ, ಮುಳ್ಳುಸೌತೆ, ಅಲಸಂಡೆ ಹಾಕಿ. ಆ ಒಂದು ದೊಡ್ಡ ಕಾಯಿ ನಿಮ್ಮ ಗದ್ದೆಗೆ ನಾಮಫಲಕ ಆಗುತ್ತದೆ. ಹಣ ಬರುವುದು ಅದನ್ನು ನೋಡಲು ನಿಂತವರು ಪಕ್ಕದ ಸಾಲಿನಿಂದ ಕೊಂಡುಹೋಗುವ ಕಾಯಿಯಿಂದ. ಹನ್ನೊಂದು ವರ್ಷ ಈ ಹುಚ್ಚು ಹಿಡಿಸಿಕೊಂಡು ನಾನು ಕಲಿತದ್ದು ಇಷ್ಟು. ಯಾಕೆ ಹೀಗೆ ಹೇಳುತ್ತೇನೆ ಎಂಬುದನ್ನು ನಿಧಾನವಾಗಿ ವಿವರಿಸುತ್ತೇನೆ, ಯಾಕೆಂದರೆ ನಿಮ್ಮ ಲೆಕ್ಕದಲ್ಲಿ ತಪ್ಪಿರುವುದು ಗುಣಾಕಾರದಲ್ಲಲ್ಲ, ಆ 500 ಎಂಬ ಸಂಖ್ಯೆಯಲ್ಲಿ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಬರೀ ಕುಂಬಳಕಾಯಿ ಎಂದರೆ ಬೂದುಗುಂಬಳ. ನೀವು ಕೇಳಿದ್ದು ಘಟ್ಟದ ಮೇಲಿನವರು ಸಿಹಿಗುಂಬಳ ಎನ್ನುವ, ನಮ್ಮ ಚೀನಿಕಾಯಿ, ತುಳುವಿನ ಕೆಂಬುಡೆ, ಮಲಯಾಳದ ಮತ್ತಂಗ. ಇದರಲ್ಲೂ ಎರಡು ಜಾತಿ ಇದೆ. ನಮ್ಮ ಅಟ್ಟದಲ್ಲಿ ತಿಂಗಳುಗಟ್ಟಲೆ ಉಳಿಯುವುದು ಕುಕುರ್ಬಿಟ ಮೊಸ್ಕಾಟ. ವಿಡಿಯೋದಲ್ಲಿ ಕಾಣುವ ದೈತ್ಯ ಕುಕುರ್ಬಿಟ ಮ್ಯಾಕ್ಸಿಮಾ. ಗುರುತಿಸುವುದು ಸುಲಭ. ತೊಟ್ಟು ನೋಡಿ: ಗಟ್ಟಿಯಾಗಿ, ಐದು ಏಣುಗಳಿದ್ದು, ಕಾಯಿಗೆ ಅಂಟುವಲ್ಲಿ ಅಗಲವಾಗಿ ಹರಡಿದ್ದರೆ ನಮ್ಮೂರದ್ದು. ಉರುಟಾಗಿ, ಮೆತ್ತಗೆ, ಬೆಂಡಿನಂತೆ ಉಬ್ಬಿದ್ದರೆ ಮ್ಯಾಕ್ಸಿಮಾ. ಈ ಒಂದು ಗುರುತು ಗೊತ್ತಿಲ್ಲದ ಕಾಲದಲ್ಲಿ ನಾನು ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ದೈತ್ಯದ ಬೀಜ ತರಿಸಿ ನಾಲ್ಕು ತಿಂಗಳು ಆರೈಕೆ ಮಾಡಿದ್ದೆ. ಬಂದದ್ದು ಏಳು ಕಿಲೋದ ಊರ ಚೀನಿಕಾಯಿ. ಹುಳಿಗೆ ಚೆನ್ನಾಗಿತ್ತು, ಆದರೆ ಆ ವರ್ಷ ಹೋಯಿತು.

ದೈತ್ಯದ ಕಥೆ ಬೀಜದ ಕಥೆಯೇ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನ ವಿಶ್ವ ಮೇಳದಲ್ಲಿ ಕೆನಡಾದ ವಿಲಿಯಂ ವಾರ್ನಾಕ್ ತೂಗಿಸಿದ ಕಾಯಿ 403 ಪೌಂಡ್, ನಮ್ಮ ಲೆಕ್ಕದಲ್ಲಿ 183 ಕಿಲೋ. ಆ ದಾಖಲೆ ಎಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲಾಡಲಿಲ್ಲ. ಗೊಬ್ಬರ, ನೀರು, ಶ್ರಮ ಯಾವುದಕ್ಕೂ ಕೊರತೆ ಇದ್ದ ಜನ ಅವರಲ್ಲ; ಅಷ್ಟು ವರ್ಷ ದಾರಿ ಮುಚ್ಚಿದ್ದು ತಳಿ. ಆಮೇಲೆ ಕೆನಡಾದ ನೋವಾ ಸ್ಕೋಶಿಯಾದ ವಿಂಡ್ಸರ್ ಎಂಬ ಊರಿನ ರೈತ ಹೋವರ್ಡ್ ಡಿಲ್ ವರ್ಷ ವರ್ಷವೂ ದೊಡ್ಡದರ ಬೀಜವನ್ನೇ ಆರಿಸಿ, ಕೈಯಿಂದ ಪರಾಗಸ್ಪರ್ಶ ಮಾಡಿ ಅಟ್ಲಾಂಟಿಕ್ ಜೈಂಟ್ ಎಂಬ ತಳಿ ಕಟ್ಟಿದರು. 1981ರಲ್ಲಿ ಅವರ ಕಾಯಿ 493.5 ಪೌಂಡ್ ತೂಗಿತು. ಅಲ್ಲಿಂದ ಮುಂದೆ ಏರಿದ ವೇಗ ನೋಡಿ: 1996ರಲ್ಲಿ ಸಾವಿರ ಪೌಂಡ್ ದಾಟಿತು, 2012ರಲ್ಲಿ ಎರಡು ಸಾವಿರ ಪೌಂಡ್, 2014ರಲ್ಲಿ ಸ್ವಿಟ್ಜರ್ಲೆಂಡಿನ ಬೆಳೆಗಾರರೊಬ್ಬರದ್ದು 1,054 ಕಿಲೋ, 2023ರಲ್ಲಿ ಅಮೆರಿಕದ ಟ್ರಾವಿಸ್ ಗಿಂಗರ್ ಅವರದ್ದು 1,247 ಕಿಲೋ, 2025ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಪೇಟನ್ ಅವಳಿ ಸಹೋದರರದ್ದು 1,278.8 ಕಿಲೋ. ಈ ಅಣ್ಣತಮ್ಮಂದಿರು ಹುಡುಗರಾಗಿದ್ದಾಗಿನಿಂದ ಇದನ್ನೇ ಮಾಡುತ್ತ ಬಂದವರು. ನೀವು ನೋಡಿದ ಮೂರು ನಿಮಿಷದ ವಿಡಿಯೋದ ಹಿಂದೆ ಇಂಥ ಬದುಕುಗಳಿವೆ.

ಹಣದ ವಿಷಯಕ್ಕೆ ಬಂದರೆ, 2023ರ ಆ ಕಾಯಿಗೆ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಸ್ಪರ್ಧೆಯಲ್ಲಿ 30,000 ಡಾಲರ್ ಬಂತು. ಆಗಿನ ದರದಲ್ಲಿ ಸುಮಾರು 25 ಲಕ್ಷ ರೂಪಾಯಿ. ಅದು ವಿಶ್ವದಾಖಲೆಗೆಂದು ಇಟ್ಟಿದ್ದ ಮೊತ್ತ. ದಾಖಲೆ ಮುರಿಯದಿದ್ದರೆ ಗೆದ್ದವರಿಗೆ ಪೌಂಡಿಗೆ 9 ಡಾಲರಿನ ಲೆಕ್ಕ. ಎರಡನೆಯವರಿಗೆ ಸಿಗುವುದು ಅದರ ಒಂದು ಸಣ್ಣ ಪಾಲು. ಹತ್ತನೆಯವರಿಗೆ ಸಿಗುವುದು ಕಾಯಿ ಸಾಗಿಸಿದ ಲಾರಿಯ ಬಾಡಿಗೆಗೂ ಸಾಲುವುದಿಲ್ಲ. ಅಲ್ಲಿನ ಬೆಳೆಗಾರರಲ್ಲಿ ಹೆಚ್ಚಿನವರು ಕೈಯಿಂದ ದುಡ್ಡು ಹಾಕಿಯೇ ಬೆಳೆಯುವವರು. ಹಣ ಮಾಡುವ ಕೆಲವರಿಗೂ ಅದು ಬರುವುದು ಬೀಜದಿಂದ. ದಾಖಲೆಯ ಕಾಯಿಯ ಒಂದೇ ಒಂದು ಬೀಜ ಹರಾಜಿನಲ್ಲಿ ಸಾವಿರ ಡಾಲರಿಗೂ ಮೀರಿ ಹೋದದ್ದಿದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಗದ್ದೆಗೆ ಬನ್ನಿ. ಪೆರ್ಲದಲ್ಲಿ 500 ಕಿಲೋ ಆಗುವುದಿಲ್ಲ. ನೂರನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಇದಕ್ಕೆ ಕಾರಣ ನಿಮ್ಮ ಶ್ರಮದ ಕೊರತೆಯಲ್ಲ, ನಮ್ಮ ರಾತ್ರಿ. ಎಲೆ ಹಗಲಲ್ಲಿ ಬಿಸಿಲುಂಡು ಸಕ್ಕರೆ ಮಾಡುತ್ತದೆ. ರಾತ್ರಿ ತಂಪಾಗಿದ್ದರೆ ಆ ಸಕ್ಕರೆಯ ಬಹುಪಾಲು ಕಾಯಿಗೆ ಇಳಿಯುತ್ತದೆ. ರಾತ್ರಿಯೂ ಸೆಕೆಯಾದರೆ ಬಳ್ಳಿ ಉಸಿರಾಡುತ್ತಲೇ ಹಗಲಿನ ದುಡಿಮೆಯಲ್ಲಿ ದೊಡ್ಡ ಪಾಲನ್ನು ತಾನೇ ತಿಂದು ಮುಗಿಸುತ್ತದೆ. ಜೊತೆಗೆ ಸೆಕೆಗೆ ಕಾಯಿ ಬೇಗ ಬಲಿಯುತ್ತದೆ. ಬಲಿತ ಕಾಯಿ ಬೆಳೆಯುವುದಿಲ್ಲ. ಇನ್ನೊಂದು, ಹಗಲಿನ ಉದ್ದ. ಇಂಗ್ಲೆಂಡಿನಲ್ಲಿ ಜೂನ್ ತಿಂಗಳ ಹಗಲು ಹದಿನಾರು ಗಂಟೆಗೂ ಹೆಚ್ಚು. ನಮಗೆ ತರಕಾರಿ ಮಾಡಲು ಸಿಗುವ ಡಿಸೆಂಬರ್, ಜನವರಿಯಲ್ಲಿ ಹನ್ನೊಂದೂವರೆ ಗಂಟೆಯ ಆಸುಪಾಸು. ಅಲ್ಲಿನ ದೊಡ್ಡ ಕಾಯಿ ಏರುಗಾಲದಲ್ಲಿ ದಿನಕ್ಕೆ 20 ಕಿಲೋಗೂ ಮೀರಿ ತೂಕ ಹಾಕುತ್ತದೆ. ನನ್ನ ಗದ್ದೆಯಲ್ಲಿ ಅತ್ಯಂತ ಚೆನ್ನಾಗಿ ಬೆಳೆದ ವಾರದಲ್ಲಿ ದಿನಕ್ಕೆ ಒಂದೂವರೆ ಕಿಲೋ. ಹನ್ನೊಂದು ವರ್ಷದಲ್ಲಿ ನನ್ನ ಅತಿ ದೊಡ್ಡ ಕಾಯಿ 46 ಕಿಲೋ. ತಾಳವಾಡಿ, ಹೊಸೂರು ಕಡೆಯ ಓದುಗರಿಗೆ ನಮಗಿಂತ ತಂಪು ರಾತ್ರಿಗಳಿವೆ; ಅವರು ನನ್ನನ್ನು ಸೋಲಿಸಿದರೆ ಸಂತೋಷ.

46 ಕಿಲೋ ಎಂದರೆ ನಿಮಗೆ ಸಪ್ಪೆಯಾಗಿ ಕೇಳಿಸಬಹುದು. ಅದನ್ನು ಗದ್ದೆಯ ಬದುವಿನಲ್ಲಿ ಇಟ್ಟು ನೋಡಿ. ಮಗುವನ್ನು ಅದರ ಮೇಲೆ ಕೂರಿಸಿ ಫೋಟೋ ತೆಗೆಯಲು ಬದಿಯಡ್ಕದಿಂದ ಜನ ಬಂದಿದ್ದರು.

ಆದರೆ ತರಕಾರಿಯಾಗಿ ಅದರ ಬೆಲೆ ಏನೂ ಇಲ್ಲ. ತಿರುಳು ಒರಟು, ನೀರು ನೀರು, ಸಿಹಿ ಕಡಿಮೆ. ಎರಿಶ್ಶೇರಿಗೂ ಆಗದು, ಗಾರಿಗೆಗೂ ಆಗದು. ಲೆಕ್ಕ ಹಾಕಿ: ಒಂದು ದೈತ್ಯ ಬಳ್ಳಿಗೆ 2 ಸೆಂಟ್ಸ್ ಜಾಗ ಬೇಕು, ಅಂದರೆ ಸುಮಾರು 80 ಚದರ ಮೀಟರ್. ಊರ ಚೀನಿಕಾಯಿಗೆ ಕೇರಳ ಕೃಷಿ ವಿಶ್ವವಿದ್ಯಾಲಯ ಹೇಳುವ ಅಂತರ ಸಾಲಿನಿಂದ ಸಾಲಿಗೆ 4.5 ಮೀಟರ್, ಹೊಂಡದಿಂದ ಹೊಂಡಕ್ಕೆ 2 ಮೀಟರ್. ಅದೇ ಜಾಗದಲ್ಲಿ ಒಂಬತ್ತು ಹೊಂಡ ಬರುತ್ತದೆ. ನನಗೆ ಹೊಂಡಕ್ಕೆ ಸರಾಸರಿ 16 ಕಿಲೋ ಸಿಕ್ಕಿದೆ, ಒಟ್ಟು 144 ಕಿಲೋ. ನೀವು ಹೇಳಿದ 20 ರೂಪಾಯಿಯಂತೆ ಮಾರಿದರೂ 2,880. ದೈತ್ಯವನ್ನು ತೂಕಕ್ಕೆ ಮಾರಿದರೆ 920, ಅದೂ ಕೊಳ್ಳುವವರು ಸಿಕ್ಕಿದರೆ. ಒಬ್ಬ ಅಂಗಡಿಯವರು ನನ್ನ ಕಾಯಿಯನ್ನು ಬೆರಳಿನಿಂದ ತಟ್ಟಿ ನೋಡಿ, ಕತ್ತರಿಸಿ ಮಾರಿದರೆ ಗಿರಾಕಿ ಮತ್ತೆ ಬರುವುದಿಲ್ಲ ಎಂದರು. ಅವರು ಹೇಳಿದ್ದು ಸರಿ.

ಹಾಗಾದರೆ ಯಾಕೆ ಬೆಳೆಯಬೇಕು? ಬೆಳೆಯುವ ಖುಷಿ ಒಂದು, ಅದು ನಿಮಗೇ ಗೊತ್ತಾಗುತ್ತದೆ. ಇನ್ನೊಂದು ಕಾರಣ ಕಾಲ. ನಮ್ಮಲ್ಲಿ ಈ ಕಾಯಿಗೆ ಒಗ್ಗುವ ಕಾಲ ಒಂದೇ: ನವೆಂಬರ್ ಮೊದಲ ವಾರ ಬೀಜ, ಜನವರಿ ನಡುವಿಗೆ ಹೂ, ಮಾರ್ಚ್ ಕೊನೆಗೆ ಕೊಯ್ಲು. ಇದು ಜಾತ್ರೆ, ಬ್ರಹ್ಮಕಲಶ, ಮದುವೆಗಳ ಕಾಲ. ಮುಂದೆ ಬಿಸು ಬರುತ್ತದೆ. ಜನ ಸೇರುವ, ಅಂಗಡಿಗಳು ಸಿಂಗಾರ ಮಾಡುವ ಹೊತ್ತಿಗೆ ಸರಿಯಾಗಿ ನಿಮ್ಮ ಕಾಯಿ ಸಿದ್ಧವಾಗಿರುತ್ತದೆ. ಮಳೆಗಾಲದಲ್ಲಿ ಹಾಕುವ ಯೋಚನೆ ಬೇಡ. ಮೊದಲ ವರ್ಷ ನಾನು ಓಣಂಗೆ ಕಾಯಿ ಬೇಕೆಂದು ಮೇ ಕೊನೆಯಲ್ಲಿ ಬೀಜ ಹಾಕಿದೆ. ಜುಲೈಯಲ್ಲಿ ಬಳ್ಳಿಯೇ ಇರಲಿಲ್ಲ.

ಬೆಳೆಯುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪುಸ್ತಕಗಳಲ್ಲಿರುವುದು ಚಳಿ ದೇಶದ ಕ್ರಮ.

ನಮ್ಮದು ಮುರಕಲ್ಲಿನ ಹುಳಿ ಮಣ್ಣು. ಅಕ್ಟೋಬರ್ ಕೊನೆಗೆ ಮಳೆ ಬಿಡುವು ಕೊಟ್ಟಾಗ ಎರಡು ಸೆಂಟ್ಸಿಗೂ ಸುಣ್ಣ ಬೀರಿ, ಎರಡು ವಾರ ಬಿಡಿ. ಸುಣ್ಣ ಮತ್ತು ಗೊಬ್ಬರವನ್ನು ಒಟ್ಟಿಗೆ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಆಮೇಲೆ ನಡುವೆ ಒಂದು ಮೀಟರ್ ಅಗಲದ ಹೊಂಡ ತೆಗೆದು, ಹಳೆಯ ಸೆಗಣಿ ಗೊಬ್ಬರ, ಸುಡುಮಣ್ಣು, ಬೇವಿನ ಹಿಂಡಿ ಸೇರಿಸಿ ಏರು ಮಾಡಿ. ಸುಡುಮಣ್ಣು ಅಜ್ಜಿಯ ಕಾಲದಿಂದ ಸೌತೆ ಬಳ್ಳಿಗೆ ಹಾಕುತ್ತ ಬಂದದ್ದು. ಪೊಟ್ಯಾಶ್ ಕೊಡುತ್ತದೆ, ಮಣ್ಣನ್ನೂ ಸಡಿಲ ಮಾಡುತ್ತದೆ. ಗಿಡ್ಡ ತಳಿಯ ದನ ಮನೆಯಲ್ಲಿದ್ದರೆ ಅರ್ಧ ಖರ್ಚು ಉಳಿಯಿತು. ನನಗೆ ಒಂದು ಬುಡಕ್ಕೆ, ನನ್ನ ಕೂಲಿ ಬಿಟ್ಟು, 2,500 ರೂಪಾಯಿ ತಗಲುತ್ತದೆ.

ಬೀಜವನ್ನು ಚಟ್ಟಿಯಲ್ಲಿ ಮೊಳೆಸಿ, ಎರಡು ಎಲೆ ಬಂದ ಕೂಡಲೇ ನೆಡಿ. ಆಗ ಎಲೆ ತಿನ್ನುವ ಕೆಂಪು ದುಂಬಿ ಒಂದೇ ಬೆಳಿಗ್ಗೆ ಗಿಡವನ್ನು ಮುಗಿಸಬಲ್ಲದು. ಮೊದಲ ಮೂರು ವಾರ ಸೊಳ್ಳೆ ಪರದೆಯ ತುಂಡನ್ನು ಕೋಲು ಊರಿ ಮುಚ್ಚಿಡಿ. ಬಳ್ಳಿ ಹರಿಯಲು ತೊಡಗಿದ ಮೇಲೆ ಅದನ್ನು ತೆಂಗಿನ ಮಡಲಿನಂತೆ ಪಳಗಿಸಬೇಕು. ನಡುವೆ ನೇರವಾಗಿ ಒಂದು ಮುಖ್ಯ ಬಳ್ಳಿ, ಎರಡೂ ಬದಿಗೆ ಗರಿಗಳಂತೆ ಕವಲು, ಕವಲಿನಿಂದ ಬರುವ ಮರಿಕವಲುಗಳನ್ನೆಲ್ಲ ಚಿವುಟಬೇಕು. ಚಿವುಟಿದ ಕುಡಿ ಎಸೆಯಬೇಡಿ, ಅದರ ಪಲ್ಯಕ್ಕೆ ಸಮ ಇಲ್ಲ. ಪ್ರತಿ ಗೆಣ್ಣಿನ ಮೇಲೂ ಒಂದು ಬೊಗಸೆ ಮಣ್ಣು ಹಾಕಿ. ಗೆಣ್ಣಿನಲ್ಲಿ ಬೇರು ಇಳಿಯುತ್ತದೆ, ಬುಡದ ಬೇರು ಒಂದೇ ಸಾಕಾಗದ ದಿನಗಳಲ್ಲಿ ಈ ಬೇರುಗಳೇ ಕಾಯಿಗೆ ಉಣ್ಣಿಸುತ್ತವೆ. ಇಡೀ ಕೆಲಸದಲ್ಲಿ ಬಹಳ ಜನ ಬಿಡುವುದು ಇದನ್ನೇ, ತೂಕ ಕೊಡುವುದೂ ಇದೇ.

ಹೆಣ್ಣು ಹೂ ಗೊತ್ತಲ್ಲ, ಕೆಳಗೆ ಪುಟ್ಟ ಮಿಡಿ ಇರುತ್ತದೆ. ಮುಖ್ಯ ಬಳ್ಳಿಯಲ್ಲಿ ಬುಡದಿಂದ ಮೂರು, ಮೂರೂವರೆ ಮೀಟರ್ ದೂರದ ಹೆಣ್ಣು ಹೂವನ್ನು ಆರಿಸಿ. ನಾಳೆ ಅರಳುವ ಹೂ ಇಂದು ಸಂಜೆಯೇ ತುದಿಯಲ್ಲಿ ಹಳದಿಯಾಗುತ್ತದೆ. ಅದನ್ನೂ ಅದೇ ಬಳ್ಳಿಯ ಮೂರು ಗಂಡು ಹೂಗಳನ್ನೂ ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿಡಿ. ಬೆಳಿಗ್ಗೆ ಆರೂವರೆಗೆ ಬಿಚ್ಚಿ, ಗಂಡು ಹೂವಿನ ಎಸಳು ಕಿತ್ತು, ಹುಡಿಯನ್ನು ಹೆಣ್ಣು ಹೂವಿನ ಒಳಗೆ ಸುತ್ತಲೂ ಸವರಿ, ಮತ್ತೆ ಕಟ್ಟಿ. ಒಂಬತ್ತರ ಮೇಲೆ ಮಾಡಿದರೆ ಬಿಸಿಲಿಗೆ ಹುಡಿ ಸೋಲುತ್ತದೆ. ಕಟ್ಟುವುದು ಯಾಕೆಂದರೆ ಜೇನು ಬೇರೆ ಹೂವಿನ ಹುಡಿ ತರಬಾರದು. ಬೀಜ ಶುದ್ಧವಾಗಿ ಉಳಿಯಬೇಕು. ಪಕ್ಕದ ಸಾಲಿನ ಊರ ಚೀನಿಕಾಯಿಯ ಭಯ ಹೆಚ್ಚಿಲ್ಲ, ಜಾತಿ ಬೇರೆಯಾದ್ದರಿಂದ ಅವು ಸುಲಭದಲ್ಲಿ ಬೆರೆಯುವುದಿಲ್ಲ. ಇನ್ನೊಂದು ಮ್ಯಾಕ್ಸಿಮಾ ಹತ್ತಿರ ಇದ್ದರೆ ಬೆರೆಯುತ್ತದೆ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯಮುಖಿ ಮ್ಯಾಕ್ಸಿಮಾವೇ, ಅದನ್ನು ಹಾಕಿದ್ದರೆ ಎಚ್ಚರ.

ಹೀಗೆ ಮೂರು ಹೆಣ್ಣು ಹೂಗಳಿಗೆ ಮಾಡಿ, ಮೂರು ಮಿಡಿ ಹಿಡಿದ ಮೇಲೆ ಹತ್ತು ದಿನ ನೋಡಿ, ಚುರುಕಾಗಿ ಬೆಳೆಯುವ ಒಂದನ್ನು ಉಳಿಸಿ, ಎರಡನ್ನು ಕತ್ತರಿಸಿ. ಇಲ್ಲಿ ಕೈ ನಡುಗುತ್ತದೆ. ಕರುಣೆ ತೋರಿ ಮೂರನ್ನೂ ಇಟ್ಟರೆ ಮೂರು ಮಧ್ಯಮ ಕಾಯಿ ಸಿಗುತ್ತದೆ.

ಮಿಡಿಯನ್ನು ಹಣ್ಣುನೊಣದಿಂದ ಕಾಪಾಡುವುದು ಮುಂದಿನ ಹದಿನೈದು ದಿನದ ಕೆಲಸ. ತೆಳು ಬಟ್ಟೆಯ ಚೀಲ ಹಾಕಿ, ಗದ್ದೆಯ ನಾಲ್ಕು ಮೂಲೆಯಲ್ಲಿ ಗಂಡು ನೊಣಗಳನ್ನು ಸೆಳೆದು ಹಿಡಿಯುವ ಕ್ಯೂ ಲೂರ್ ಬಲೆ ತೂಗಿಸಿ. ವಿಷ ಹೊಡೆಯುವ ಮಾತು ಬೇಡ. ನಿಮ್ಮ ಎಣ್ಮಕಜೆ ಪಂಚಾಯತಿನ ಮಣ್ಣಿನವರಿಗೆ ನಾನು ಇದನ್ನು ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದು 2000ದಲ್ಲಿ ನಿಂತ ಮೇಲೂ ಆ ನೋವು ಮನೆಗಳಿಂದ ಹೋಗಿಲ್ಲ. ನಿಮ್ಮ ಗದ್ದೆಯ ಚೀನಿಕಾಯಿ ಕೊಳ್ಳಲು ಬರುವವರು ಮೊದಲು ಕೇಳುವ ಪ್ರಶ್ನೆಯೂ ಅದೇ ಆಗಿರುತ್ತದೆ. ಇಲ್ಲ, ಏನೂ ಹೊಡೆದಿಲ್ಲ ಎಂದು ಕಣ್ಣು ನೋಡಿ ಹೇಳುವಂತಿರಬೇಕು.

ಕಾಯಿ ತೆಂಗಿನಕಾಯಿಯಷ್ಟು ಆದಾಗ ಅದರ ಅಡಿಗೆ ಒಣ ಹೊಯ್ಗೆ ಹರಡಿ, ಮೇಲೆ ಎರಡು ಅಡಿಕೆ ಹಾಳೆ ಇಡಿ. ಮೇಲಿನಿಂದ ಹೆಣೆದ ಮಡಲಿನ ನೆರಳು ಕೊಡಿ. ಬಿಸಿಲು ತಾಗಿದ ಸಿಪ್ಪೆ ಬೇಗ ಗಟ್ಟಿಯಾಗಿ ಬೆಳವಣಿಗೆ ನಿಲ್ಲುತ್ತದೆ. ನೀರು ಬೆಳಿಗ್ಗೆ, ದಿನವೂ, ಒಂದೇ ಅಳತೆ. ಫೆಬ್ರವರಿಯಲ್ಲಿ ನಾನು ಒಂದು ಬಳ್ಳಿಗೆ 80 ಲೀಟರ್ ಕೊಡುತ್ತೇನೆ. ಸುರಂಗದ ನೀರು ಈ ಕೆಲಸಕ್ಕೆ ಹೇಳಿಮಾಡಿಸಿದ್ದು, ಸಣ್ಣಗೆ ಬಂದರೂ ನಿಲ್ಲದೆ ಬರುತ್ತದೆ. ಎರಡು ದಿನ ಮರೆತು ಮೂರನೇ ದಿನ ತುಂಬ ಹೊಯ್ದರೆ ಕಾಯಿ ಒಡೆಯುತ್ತದೆ. ನನ್ನ ಒಂದು ಕಾಯಿ 17 ಕಿಲೋ ಆಗಿದ್ದಾಗ ಮದುವೆಗೆಂದು ಎರಡು ದಿನ ಉಪ್ಪಳಕ್ಕೆ ಹೋಗಿ ಬಂದೆ. ಬಂದ ಮರುದಿನ ತೊಟ್ಟಿನಿಂದ ಕೆಳಗೆ ಒಂದು ಗೇಣು ಬಿರುಕು. ತೂಕ ಅಂದಾಜಿಸಲು ತಕ್ಕಡಿ ಬೇಡ. ಸುತ್ತಳತೆ, ಮೇಲಿನಿಂದ ಅಡ್ಡಕ್ಕೆ ನೆಲದಿಂದ ನೆಲಕ್ಕೆ, ಮೇಲಿನಿಂದ ಉದ್ದಕ್ಕೆ ತೊಟ್ಟಿನ ಕಡೆಯಿಂದ ಹೂವಿನ ಕಡೆಗೆ, ಈ ಮೂರನ್ನು ಟೇಪಿನಲ್ಲಿ ಅಳೆದು ಕೂಡಿಸಿ ಪ್ರತಿ ಭಾನುವಾರ ಬರೆದಿಡಿ. ವಿದೇಶದ ಸ್ಪರ್ಧೆಗಾರರೂ ಇದೇ ಮೂರು ಅಳತೆಯಿಂದ ತೂಕ ಲೆಕ್ಕ ಹಾಕುತ್ತಾರೆ. ಆ ಪುಸ್ತಕವೇ ಮುಂದೆ ನಿಮ್ಮ ಬೀಜದ ಜಾತಕ.

ಇನ್ನು ಹಣ. ನನಗೆ ಬಂದದ್ದು ಯಾವ ಯಾವ ದಾರಿಯಿಂದ ಎಂದು ಹೇಳುತ್ತೇನೆ, ನೀವೇ ತೂಗಿ ನೋಡಿ.

ಅತಿ ಹೆಚ್ಚು ಬಂದದ್ದು ಗದ್ದೆಯ ಬದಿಯ ಮಾರಾಟದಿಂದ. ಮೊದಲು ನಾನು ಊರ ಚೀನಿಕಾಯಿಯನ್ನು ಅಂಗಡಿಗೆ ಕಿಲೋಗೆ 16ಕ್ಕೆ ಕೊಡುತ್ತಿದ್ದೆ. 46 ಕಿಲೋದ ಕಾಯಿ ಬೆಳೆದ ವರ್ಷ ಅದನ್ನು ಮಾರ್ಗದ ಬದಿಯ ಚಪ್ಪರದಲ್ಲಿ ಬೆಂಚಿನ ಮೇಲೆ ಇಟ್ಟು, ಕೆಳಗೆ ಊರ ಕಾಯಿ ರಾಶಿ ಹಾಕಿದೆ. ವಾಹನಗಳು ನಿಂತವು. ಜನ ದೊಡ್ಡದರ ಫೋಟೋ ತೆಗೆದರು, ಸಣ್ಣದನ್ನು ಕೊಂಡರು. ಕಿಲೋಗೆ 30ರಂತೆ ಹನ್ನೆರಡು ದಿನದಲ್ಲಿ ಮೂರು ಕ್ವಿಂಟಲ್ ಹೋಯಿತು. ಅಂಗಡಿಗೆ ಕೊಟ್ಟಿದ್ದರೆ 4,800 ಬರುವಲ್ಲಿ 9,000 ಬಂತು. ಆ ಹೆಚ್ಚುವರಿ 4,200 ರೂಪಾಯಿ ದೈತ್ಯದ ನಿಜವಾದ ಸಂಪಾದನೆ ಎಂದು ನಾನು ಲೆಕ್ಕ ಬರೆದುಕೊಂಡಿದ್ದೇನೆ. ನಿಮ್ಮ ಗದ್ದೆ ಮಾರ್ಗದಿಂದ ಒಳಗಿದ್ದರೆ ಪೇಟೆಯ ಪರಿಚಯದ ಅಂಗಡಿ ಮುಂದೆ ಒಂದು ಬೆಂಚು ಕೇಳಿ. ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ಸಂತೆ ನಡೆಸುವ ಕಡೆಯೂ ಕೇಳಬಹುದು.

ಎರಡನೆಯದು ಪ್ರದರ್ಶನದ ಬಾಡಿಗೆ. ಬಿಸುವಿನ ಮುಂಚಿನ ವಾರ ಸೂಪರ್ ಮಾರ್ಕೆಟ್‌ನವರು, ಮದುವೆ ಮಂಟಪದ ಅಲಂಕಾರದವರು, ತರಕಾರಿಯಲ್ಲಿ ಗಣಪತಿ, ನವಿಲು ಕೆತ್ತುವ ಕಲಾವಿದರು ದೊಡ್ಡ ಕಾಯಿ ಹುಡುಕುತ್ತಾರೆ. ಆ ಕಾಯಿಯನ್ನು ನಾನು ಹತ್ತು ದಿನಕ್ಕೆ 2,000 ರೂಪಾಯಿಗೆ ಕೊಟ್ಟೆ, ಮರಳಿ ತಂದೆ. ಫೆಬ್ರವರಿಯಲ್ಲೇ ಹೋಗಿ ಫೋಟೋ ತೋರಿಸಿ ಮಾತಾಡಿಡಬೇಕು. ಕೊಯ್ದ ಮೇಲೆ ಹೊರಟರೆ ತಡ. ನೆರಳಿನಲ್ಲಿ, ಗಾಳಿಯಾಡುವ ಹಲಗೆಯ ಮೇಲೆ ಇಡಬೇಕೆಂದು ಬರೆದು ಕೊಡಿ, ಇಲ್ಲದಿದ್ದರೆ ಅಡಿಯಿಂದ ಕೊಳೆಯುತ್ತದೆ. ಮಂಗಳೂರಿನ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನ ಗಣರಾಜ್ಯೋತ್ಸವದ ಹೊತ್ತಿಗೆ ಬರುತ್ತದೆ, ನಮ್ಮ ಕಾಯಿ ಆಗ ಇನ್ನೂ ಮಿಡಿ. ಅದರ ಆಸೆ ಬಿಡಿ.

ಮೂರನೆಯದು ಬೀಜ ಮತ್ತು ಸಸಿ. ಕೈಯಿಂದ ಪರಾಗಸ್ಪರ್ಶ ಮಾಡಿದ, ಅಳತೆ ಪುಸ್ತಕ ಇರುವ, ಕಾಸರಗೋಡಿನ ಸೆಕೆಯಲ್ಲೇ ನಾಲ್ಕೈದು ತಲೆಮಾರು ಬದುಕಿ ಬಂದ ಬೀಜ ಎಂದರೆ ಅದಕ್ಕೆ ಬೆಲೆ ಇದೆ. ಕೆನಡಾದ ದಾಖಲೆ ಬೀಜ ನಮ್ಮಲ್ಲಿ ಬಾಡುತ್ತದೆ. ನಮ್ಮ ಹವೆಗೆ ಒಗ್ಗಿ 30 ಕಿಲೋ ಕೊಟ್ಟ ಬಳ್ಳಿಯ ಬೀಜ ಮುಂದಿನ ವರ್ಷವೂ ಕೊಡುತ್ತದೆ. ಇಲ್ಲಿ ನಿಮಗೆ ಅವಸರ ಇರಬಾರದು, ಮೊದಲ ಮೂರು ವರ್ಷ ಬೀಜ ಮಾರಬೇಡಿ, ಆರಿಸುತ್ತ ಹೋಗಿ. ಕಾನೂನು ಹೀಗಿದೆ: ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣೆಯ 2001ರ ಕಾಯಿದೆ ರೈತನಿಗೆ ತಾನು ಬೆಳೆದ ಬೀಜವನ್ನು ಉಳಿಸಲು, ಹಂಚಲು, ಮಾರಲು ಹಕ್ಕು ಕೊಡುತ್ತದೆ; ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರು ಹಾಕಿ ಮಾರುವಂತಿಲ್ಲ. ವ್ಯಾಪಾರವಾಗಿ ಬೀಜ ಮಾರಲು ಹೊರಟರೆ 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಪರವಾನಗಿ ಬೇಕು. ಪೊಟ್ಟಣ ಅಚ್ಚು ಹಾಕಿಸುವ ಮೊದಲು ಪಂಚಾಯತಿನ ಕೃಷಿ ಭವನದಲ್ಲಿ ಕೇಳಿಕೊಳ್ಳಿ.

ಗೆಳೆಯನ ಲಕೋಟೆಗೆ ದಯವಿಟ್ಟು ಬೇಡ ಎನ್ನಿ. ಹೊರದೇಶದ ಬೀಜ ನಮ್ಮೊಳಗೆ ಬರಬೇಕಾದರೆ 2003ರ ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದಂತೆ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಇರಬೇಕು. ಇದು ಕಾಗದದ ಕಾಟ ಅಂತ ತಿಳಿಯಬೇಡಿ. ಸೌತೆ, ಕುಂಬಳ, ಹೀರೆ, ಹಾಗಲ ಎಲ್ಲ ಒಂದೇ ಕುಟುಂಬ; ಬೀಜದೊಳಗೆ ಕೂತು ಬರುವ ಒಂದು ವೈರಸ್ ಊರಿಗೆ ಇಳಿದರೆ ನಿಮ್ಮ ಗದ್ದೆಯಲ್ಲಿ ನಿಲ್ಲುವುದಿಲ್ಲ, ನೆರೆಯವರ ಹಾಗಲ ಚಪ್ಪರಕ್ಕೂ ಹೋಗುತ್ತದೆ. ಇಲ್ಲಿಯ ಪರವಾನಗಿ ಇರುವ ಬೀಜದ ಅಂಗಡಿಯಿಂದ ಕೊಳ್ಳಿ, ರಶೀದಿ ಇಟ್ಟುಕೊಳ್ಳಿ.

ಹೊರೆಕಾಣಿಕೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬ್ರಹ್ಮಕಲಶದ ಹೊರೆಕಾಣಿಕೆ ಮೆರವಣಿಗೆಯಲ್ಲಿ ಜೀಪಿನ ಮುಂದೆ ಆ ಕಾಯಿ ಇದ್ದರೆ ಇಡೀ ಸೀಮೆಗೆ ನಿಮ್ಮ ಗದ್ದೆ ಗೊತ್ತಾಗುತ್ತದೆ. ಇಗರ್ಜಿಯ ಬೆಳೆ ಹಬ್ಬದ ಏಲಂನಲ್ಲಿ ಇಂಥ ಕಾಯಿಗೆ ಜನ ಪ್ರೀತಿಯಿಂದ ಬೆಲೆ ಏರಿಸುತ್ತಾರೆ. ಆ ಹಣ ನಿಮಗಲ್ಲ, ದೇವರಿಗೆ. ಅದನ್ನು ವ್ಯಾಪಾರದ ಲೆಕ್ಕದಲ್ಲಿ ಸೇರಿಸಬೇಡಿ, ಕೊಡುವ ಮನಸ್ಸಾದರೆ ಕೊಡಿ. ಎರಡನೇ ವರ್ಷದ ಕಾಯಿ ನಾನು ಕೊಟ್ಟಿದ್ದೆ.

ಕಾಯಿಯ ತೂಕ ಊಹಿಸಿ ಬಹುಮಾನ ಗೆಲ್ಲಿ ಎಂದು ಟಿಕೆಟ್ ಮಾರುವ ಯೋಚನೆಯನ್ನು ಕೆಲವರು ಕೊಡುತ್ತಾರೆ. ಹಣ ಪಡೆದು ಅದೃಷ್ಟದ ಬಹುಮಾನ ಕೊಟ್ಟರೆ ಲಾಟರಿ ಕಾನೂನಿನ ತಕರಾರು ಬರಬಹುದು. ಉಚಿತವಾಗಿ ಊಹಿಸಲು ಬಿಡಿ, ಗೆದ್ದವರಿಗೆ ಐದು ಕಿಲೋ ಊರ ಚೀನಿಕಾಯಿ ಕೊಡಿ. ತೆರಿಗೆ ವಿಷಯ ಚಿಕ್ಕದು: ಗದ್ದೆಯಲ್ಲಿ ಬೆಳೆದು ಮಾರಿದ ತರಕಾರಿ, ನರ್ಸರಿಯಲ್ಲಿ ಬೆಳೆಸಿದ ಸಸಿ ಕೃಷಿ ಆದಾಯ, ಸ್ಪರ್ಧೆಯ ಬಹುಮಾನ, ವಿಡಿಯೋದಿಂದ ಬರುವ ಹಣ ಕೃಷಿ ಆದಾಯ ಅಲ್ಲ.

28 ಸೆಂಟ್ಸಿನ ಲೆಕ್ಕವನ್ನೂ ಮುಗಿಸೋಣ. ಅರ್ಧದಲ್ಲಿ, ಅಂದರೆ 14 ಸೆಂಟ್ಸಿನಲ್ಲಿ 63 ಹೊಂಡ ಚೀನಿಕಾಯಿ ಹಾಕಿದರೆ ನನ್ನ ಸರಾಸರಿಯಂತೆ ಒಂದು ಸಾವಿರ ಕಿಲೋ. ಕೃಷಿ ವಿಶ್ವವಿದ್ಯಾಲಯದ ಅಂಬಿಲಿ, ಸುವರ್ಣ, ಸರಸ್, ಸೂರಜ್ ಯಾವುದಾದರೂ ಆಗಬಹುದು. ನಿಮ್ಮ ಮನೆಯ ಅಟ್ಟದಲ್ಲಿ ಅಮ್ಮ ಉಳಿಸಿದ ಬೀಜ ಇದ್ದರೆ ಅದಕ್ಕೇ ನನ್ನ ಮೊದಲ ಓಟು. ಮೂರನೇ ಒಂದು ಭಾಗ ಬದಿಯಲ್ಲಿ 30ಕ್ಕೆ, ಉಳಿದದ್ದು ಅಂಗಡಿಗೆ 16ಕ್ಕೆ ಹೋದರೆ 20 ಸಾವಿರದ ಆಸುಪಾಸು. ಇನ್ನರ್ಧದ ಅಲಸಂಡೆ, ಸೌತೆ ಅದಕ್ಕೂ ಸ್ವಲ್ಪ ಮೇಲೆ ಕೊಡುತ್ತದೆ. ಇದು ದುಬೈಯ ಸಂಬಳವಲ್ಲ ಎಂದು ಗೊತ್ತು. ಆರು ತಿಂಗಳ ಗದ್ದೆ ಕೆಲಸಕ್ಕೆ ನಮ್ಮ ಕಡೆ ಸಿಗುವ ನಿಜವಾದ ಹಣ ಇಷ್ಟು. ಗಲ್ಫಿನ ಉಳಿತಾಯವನ್ನು ಇದಕ್ಕೆ ಸುರಿಯಬೇಡಿ. ಮೊದಲ ವರ್ಷ ಒಟ್ಟು ಖರ್ಚು 10,000 ದಾಟಬಾರದು ಎಂದು ಮನೆಯಲ್ಲಿ ಹೆಂಡತಿಯ ಎದುರು ಹೇಳಿಬಿಡಿ.

ಈಗ ಮಾಡಬೇಕಾದದ್ದು: ಎರಡು ಸೆಂಟ್ಸಿಗೆ ಗೂಟ ಹೊಡೆಯಿರಿ, ಬೆಳಿಗ್ಗೆ ಬಿಸಿಲು ಬೀಳುವ, ಮಧ್ಯಾಹ್ನದ ಮೇಲೆ ತೆಂಗಿನ ನೆರಳು ಬರುವ ಮೂಲೆಯಲ್ಲಿ. ಆ ಜಾಗದ ಮಣ್ಣನ್ನು ಕೃಷಿ ಭವನದ ಮೂಲಕ ಪರೀಕ್ಷೆಗೆ ಕೊಡಿ, ಸುಣ್ಣ ಎಷ್ಟು ಎಂದು ಗೊತ್ತಾಗುತ್ತದೆ. ಸುರಂಗದ ನೀರನ್ನು ಬರುವ ಮಾರ್ಚಿನಲ್ಲಿ ಒಂದು ಕೊಡ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದಿಡಿ. ದಿನಕ್ಕೆ 80 ಲೀಟರ್ ದೈತ್ಯಕ್ಕೆ ಕೊಟ್ಟು ಉಳಿದ ಗದ್ದೆಗೆ ಸಾಲದಿದ್ದರೆ ಆ ವರ್ಷ ದೈತ್ಯವನ್ನು ಬಿಡಿ, ಗದ್ದೆಯನ್ನಲ್ಲ. ಕಾಯಿ ಆದ ಮೇಲೆ ಕೊಯ್ಯುವಾಗ ತೊಟ್ಟಿನ ಎರಡೂ ಬದಿಗೆ ಒಂದೊಂದು ಗೇಣು ಬಳ್ಳಿ ಉಳಿಸಿ ಕತ್ತರಿಸಿ, ತೊಟ್ಟು ಹಿಡಿದು ಎತ್ತಬೇಡಿ, ಗೋಣಿಯ ಮೇಲೆ ಉರುಳಿಸಿ ನಾಲ್ಕು ಜನ ನಾಲ್ಕು ಮೂಲೆ ಹಿಡಿಯಿರಿ.